ಪಾರವ್ವ ಅಂದದ್ದು, ವೈಶಾಲಿ ತಿಳಿದದ್ದು

ನಿಮ್ಮ ಮಗಳಿಗೆ ಕನ್ನಡ ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ವೈಶಾಲಿಯ ತಾಯಿ ಹಿಂದೆಮುಂದೆ ನೋಡದೆ ಹೇಳುತ್ತಿದ್ದರು: "ತಿಳೀತೈತಿ, ಆಡಾಕ ಬರೂದಿಲ್ಲ." ತಾಯಿ ಕನ್ನಡದಲ್ಲಿ ಬೈದರೆ ಮಗಳು ಮರಾಠಿಯಲ್ಲಿ ಎದುರಾಡುತ್ತಿದ್ದಳು. ಡೊಂಬಿವಲಿ ಪೂರ್ವದ ಆ ಸಣ್ಣ ಮನೆಯಲ್ಲಿ ಜಗಳ ಎರಡು ಭಾಷೆಯಲ್ಲಿ ನಡೆದು ಒಂದೇ ಚಹಾದಲ್ಲಿ ಮುಗಿಯುತ್ತಿತ್ತು. ತಂದೆ ಬ್ಯಾಡಗಿ ಕಡೆಯವರು, ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ವ್ಯಾಪಾರ. ಮಗಳು ವಕೀಲಳಾಗುತ್ತೇನೆ ಎಂದಾಗ "ಬಾಯಿ ಮೊದ್ಲs ಖಾರ ಐತಿ, ನಡೀತೈತಿ" ಎಂದು ಒಪ್ಪಿಕೊಂಡರು.

ಅವಳನ್ನು ವಕೀಲಳನ್ನಾಗಿ ಮಾಡಿದ್ದು ಕಾಲೇಜಲ್ಲ, ಪ್ರೇಮನಾಥರು. ಮಂಗಳೂರು ಕಡೆಯಿಂದ ಎಂದೋ ಬಂದು ಠಾಣೆ ನಗರದ ನೌಪಾಡಾದಲ್ಲಿ ನೆಲೆ ನಿಂತ ಹಿರಿಯ ವಕೀಲರು. ಆ ಸುತ್ತಿನ ಕನ್ನಡಿಗರಿಗೆಲ್ಲ ಅವರೇ ಮನೆ ವಕೀಲರು. ಹೋಟೆಲಿನವರಿರಲಿ, ಕಾರ್ಖಾನೆಯವರಿರಲಿ, ಬ್ಯಾಂಕಿನಲ್ಲಿ ದೊಡ್ಡ ಕುರ್ಚಿಯವರಿರಲಿ, ಮನೆಗೆ ನೋಟೀಸು ಬಂದರೆ ಮೊದಲು ದೇವರನ್ನು, ಆಮೇಲೆ ಪ್ರೇಮನಾಥರನ್ನು ನೆನೆಯುತ್ತಿದ್ದರು. ಅವರ ಕೈಕೆಳಗೆ ಸೇರಿದ ದಿನ ವೈಶಾಲಿ ಒಬ್ಬ ಕನ್ನಡದ ಕಕ್ಷಿದಾರನಿಗೆ ಹಿಂದಿಯಲ್ಲಿ ಉತ್ತರ ಕೊಟ್ಟಳು. ಅವನು ಹೋದ ಮೇಲೆ ಪ್ರೇಮನಾಥರು ಕನ್ನಡಕ ಕೆಳಗಿಟ್ಟು ಹೇಳಿದರು: "ಜನ ಯಾವ ಭಾಷೆಯಲ್ಲಿ ಅಳ್ತಾರೋ ಅದೇ ಭಾಷೆಯಲ್ಲಿ ಕೇಳ್ಬೇಕು ಮಾರಾಯ್ತಿ. ಇಲ್ಲದಿದ್ರೆ ಎಂತ ವಕೀಲಿ?" ಅಂದಿನಿಂದ ಅವಳು ಹಟ ತೊಟ್ಟು ಕನ್ನಡ ಮಾತಾಡತೊಡಗಿದಳು. ಅರ್ಧ ತಾಯಿಯ ಕನ್ನಡ, ಅರ್ಧ ಗುರುವಿನದು. ಎಲ್ಲಿ ಪದ ಸಿಗಲಿಲ್ಲವೋ ಅಲ್ಲಿ ಮರಾಠಿ. ಕಕ್ಷಿದಾರರು ನಗುತ್ತಿದ್ದರು, ಆದರೆ ಅವಳೆದುರು ಬಿಚ್ಚಿ ಮಾತಾಡುತ್ತಿದ್ದರು.

ಪ್ರೇಮನಾಥರಿಗೆ ಮರೆವು ಶುರುವಾದದ್ದು ಯಾವಾಗ ಎಂದು ಹೇಳುವುದು ಕಷ್ಟ. ಮೊದಮೊದಲು ಕನ್ನಡಕ, ಪೆನ್ನು, ಛತ್ರಿ. ಅವನ್ನು ಮರೆಯದ ವಕೀಲರು ಯಾರಿದ್ದಾರೆ? ಆಮೇಲೊಂದು ದಿನ ಕಲ್ಯಾಣದ ಕೋರ್ಟಿನಲ್ಲಿ ಒಬ್ಬನ ದಾವೆಯಲ್ಲಿ ಇನ್ನೊಬ್ಬನ ಕತೆ ಹೇಳಿ ಗಂಭೀರವಾಗಿ ವಾದಿಸಿದರು. ನ್ಯಾಯಾಧೀಶರು ಹಾಸ್ಯವೆಂದುಕೊಂಡು ನಕ್ಕರು. ಪಕ್ಕದಲ್ಲಿ ನಿಂತ ವೈಶಾಲಿಗೆ ನಗು ಬರಲಿಲ್ಲ. ಅವಳು ಸರಿಯಾದ ಕಾಗದ ಮುಂದೆ ಸರಿಸಿದಳು, ಕೆಲಸ ಸಾಗಿತು. ಹಾಗೆ ಎಷ್ಟೋ ಸಲ ಸರಿಸಿದಳು. ಆಮೇಲೆ ತನ್ನದೇ ಆಫೀಸು ಮಾಡಿಕೊಂಡು ಹೊರಗೆ ಬಂದಳು. ಸರಿಸುವ ಕೈ ಇಲ್ಲದಂತಾಯಿತು.

ಪೆಟ್ಟು ಮೊದಲು ಬಿದ್ದದ್ದು ಪಾರವ್ವನಿಗೆ. ಶಹಾಡ್ ಸ್ಟೇಷನ್ ಹತ್ತಿರದ ಚಾಳಿನಲ್ಲಿ ಗಂಡ ಬಿಟ್ಟುಹೋದ ಒಂದು ಖೋಲಿ, ಒಂದೇ ಕೋಣೆಯ ಮನೆ, ಅವಳದು. ಚಾಳು ಕೆಡವಿ ಬಿಲ್ಡಿಂಗ್ ಕಟ್ಟುವ ಮಾತು ಬಂದಾಗ ಬಿಲ್ಡರನ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಪ್ರೇಮನಾಥರು ದಾವೆ ಹಾಕಿಕೊಟ್ಟರು, ಆಮೇಲೆ ಮರೆತರು. ತಾರೀಖಿಗೆ ಯಾರೂ ಹೋಗದೆ ದಾವೆ ವಜಾ ಆಯಿತು. ಅವಳು ಕೇಳಲು ಬಂದಾಗಲೆಲ್ಲ ಅವರು ಪ್ರೀತಿಯಿಂದ "ಮುಂದಿನ ತಾರೀಖು ಬಿದ್ದಿದೆ ಪಾರವ್ವ, ಹೆದರ್ಬೇಡಿ" ಎನ್ನುತ್ತಿದ್ದರು. ಸುಳ್ಳು ಹೇಳುವ ಮನಸ್ಸಿನಿಂದಲ್ಲ. ನೆನಪಾಗದ್ದನ್ನು ಮುಚ್ಚಿಕೊಳ್ಳಲು ಬಾಯಿಗೆ ಬಂದ ಸಮಾಧಾನ ಅದು. ಆದರೆ ಖೋಲಿ ಕಳೆದುಕೊಳ್ಳುವವಳಿಗೆ ಮರೆವೂ ಒಂದೇ, ಮೋಸವೂ ಒಂದೇ. ನಿಜ ತಿಳಿದಾಗ ಪಾರವ್ವ ಪಕ್ಕದ ಮನೆಯವರಿಂದ ಬರೆಸಿ ವಕೀಲರ ಶಿಸ್ತು ಸಮಿತಿಗೆ ದೂರು ಕೊಟ್ಟಳು.

ಸಮಿತಿ ಠಾಣೆಯ ಒಂದು ಸಭಾಂಗಣದಲ್ಲಿ ಕೂತಿತ್ತು. ಮೂವರು ಹಿರಿಯ ವಕೀಲರು, ಮುಂದೆ ದೂರುಗಳ ಗುಡ್ಡೆ. ವಕೀಲರ ತಪ್ಪನ್ನು ವಕೀಲರೇ ವಿಚಾರಿಸುವ ವ್ಯವಸ್ಥೆ ನಮ್ಮದು. ಇದರಲ್ಲಿ ಎಷ್ಟು ನ್ಯಾಯ, ಎಷ್ಟು ನೆಂಟಸ್ತಿಕೆ ಎಂದು ನೀವೇ ಲೆಕ್ಕ ಹಾಕಿಕೊಳ್ಳಿ. ಗುರುವಿಗೆ ಜೊತೆಯಿರಲಿ ಎಂದು ವೈಶಾಲಿಯೂ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಪಾರವ್ವನಿಗೆ ಬಜಾರಿನ ಹಿಂದಿ ಬರುತ್ತಿತ್ತು. ಆದರೆ ಕರಿಕೋಟಿನವರ ಮರಾಠಿಯೆದುರು ಅದು ಸಾಲದೆಂದು ಅವಳಿಗನಿಸಿತು. "ನಾ ಕನ್ನಡದಾಗs ಹೇಳ್ತೀನ್ರಿ" ಎಂದು ಕೈಮುಗಿದಳು.

ಇಲ್ಲಿ ಕನ್ನಡ ಬಲ್ಲವರು ಯಾರಾದರೂ ಇದ್ದೀರಾ ಎಂದು ಅಧ್ಯಕ್ಷರು ಕೇಳಿದರು. ವೈಶಾಲಿ ಎದ್ದು ನಿಂತು, ತಾನು ಪ್ರೇಮನಾಥರ ಜೂನಿಯರ್ ಆಗಿದ್ದವಳು ಎಂದು ಮೊದಲೇ ಹೇಳಿದಳು. ಅಷ್ಟು ಮರ್ಯಾದೆ ಅವಳಿಗಿತ್ತು. ಅಧ್ಯಕ್ಷರು ಪಾರವ್ವನ ಮುಖ ನೋಡಿದರು. ವೈಶಾಲಿಯೇ ಅದನ್ನು ಕನ್ನಡದಲ್ಲಿ ತಿಳಿಸಿದಾಗ ಪಾರವ್ವ ತಲೆಯಾಡಿಸಿದಳು.

"ಇರ್ಲಿ ಬಿಡ್ರಿ. ನಮ್ಮ ಕಡಿ ಹುಡುಗಿ, ನಂದು ನಂದಂಗs ಹೇಳ್ತಾಳ."

ಅವಳ ಕತೆಯನ್ನು ವೈಶಾಲಿ ಅಕ್ಷರ ಬಿಡದೆ ಮರಾಠಿಗೆ ತಂದಳು, ಗುರುವಿನ ಮುಖ ಬಾಡಿದರೂ ಬಿಡಲಿಲ್ಲ. ಪ್ರೇಮನಾಥರು ತಪ್ಪಾಯಿತೆಂದು ಒಪ್ಪಿ, ಫೈಲು ಕೊಡುತ್ತೇನೆ, ಬೇರೆ ವಕೀಲರನ್ನು ಇಟ್ಟುಕೊಳ್ಳಲು ಒಪ್ಪಿಗೆಯ ಎನ್‌ಒಸಿಯನ್ನೂ ಬರೆದುಕೊಡುತ್ತೇನೆ ಎಂದರು. ಆಗ ಅಧ್ಯಕ್ಷರು ಕೇಳಿದ್ದು ಇಷ್ಟು: ನಿಮ್ಮ ಫೈಲನ್ನು ಇವತ್ತೇ ಕೊಡಿಸುತ್ತೇವೆ, ಆದರೆ ಇವರ ಮೇಲಿನ ವಿಚಾರಣೆಯನ್ನು ಮುಂದುವರಿಸಬೇಕೆಂದಿದ್ದೇವೆ, ನೀವೇನು ಹೇಳುತ್ತೀರಿ?

ವೈಶಾಲಿ ಅದನ್ನು ಕನ್ನಡದಲ್ಲಿ ಕೇಳಿದಳು. ಪಾರವ್ವ ಸೆರಗು ಸರಿಮಾಡಿಕೊಂಡು ಹೇಳಿದಳು:

"ಹಿರ್ಯಾರ ಹೆಂಗ ಹೇಳ್ತಾರ ಹಂಗ. ನನ್ನದೇನ್ ತಕರಾರಿಲ್ರಿ."

ತಕರಾರು ಎಂಬ ಪದ ಮರಾಠಿಯಲ್ಲೂ ಇದೆ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಪದ. ಪೊಲೀಸ್ ಠಾಣೆಯಲ್ಲಿ, ಸೊಸೈಟಿಯ ಮೀಟಿಂಗಿನಲ್ಲಿ, ಕೋರ್ಟಿನಲ್ಲಿ ದಿನಾ ಆಡುವ ಪದ. ವೈಶಾಲಿ ಯೋಚಿಸುವ ಗೋಜಿಗೇ ಹೋಗದೆ, ಹಿರಿಯರ ಮಾತನ್ನು ಬರೀ ಮರ್ಯಾದೆಯ ಮಾತೆಂದು ಬಿಟ್ಟು, ಅದನ್ನು ಇದ್ದ ಹಾಗೇ ಎತ್ತಿ ಆಚೆ ದಾಟಿಸಿದಳು: "ತ್ಯಾಂಚೀ ಕಾಹೀ ತಕ್ರಾರ್ ನಾಹೀ." ನಮ್ಮಲ್ಲಿ ಅದು ಅಡ್ಡಿಯಿಲ್ಲ ಎಂಬ ಮಾತು. ಮರಾಠಿಯಲ್ಲಿ ಅದಕ್ಕೆ ದೂರೇ ಇಲ್ಲ ಎಂದು ಅರ್ಥ.

ಅಧ್ಯಕ್ಷರ ಮುಖ ಅರಳಿತು. ದೂರು ಕೊಟ್ಟವರೇ ದೂರಿಲ್ಲ ಎಂದ ಮೇಲೆ ಇನ್ನೇನು? ದೂರುದಾರರು ಹಿಂದೆ ಸರಿದರೂ ವಿಚಾರಣೆ ನಿಲ್ಲಿಸಬೇಕಾಗಿಲ್ಲ, ವಕೀಲನೊಬ್ಬನ ನಡತೆ ಒಬ್ಬ ಕಕ್ಷಿದಾರನ ಸ್ವಂತ ವಿಷಯವಲ್ಲ, ಊರಿನ ವಿಷಯ ಎಂದು ನಿಯಮವೇ ಹೇಳುತ್ತದೆ. ಆದರೆ ನಿಯಮ ಪುಸ್ತಕದಲ್ಲಿತ್ತು, ಊಟದ ಹೊತ್ತಾಗಿತ್ತು, ಎದುರಿಗೆ ಕೂತವರು ಎಲ್ಲರಿಗೂ ಬೇಕಾದ ಹಿರಿಯರು. ದೂರು ಮುಕ್ತಾಯವೆಂದು ಬರೆಸಿ ಮುಂದಿನ ಹೆಸರು ಕೂಗಿಸಿದರು. ಪಾರವ್ವನ ಕೈಗೆ ಫೈಲು ಬಂತು. ಪ್ರೇಮನಾಥರು ತಲೆ ತಗ್ಗಿಸಿ ಕೂತೇ ಇದ್ದರು.

ಆ ಸಂಜೆ ಮನೆಯಲ್ಲಿ ತಂದೆ ಟಿವಿ ಜೋರಾಗಿ ಹಾಕಿಕೊಂಡು ಕೂತಿದ್ದರು. ಅಡಿಗೆಮನೆಯಿಂದ ತಾಯಿಯ ದನಿ ಬಂತು: "ಟಿವಿ ನೋಡ್ರಿ, ಬೇಕಾದಷ್ಟ ನೋಡ್ರಿ, ನನ್ನದೇನ್ ತಕರಾರಿಲ್ಲ. ಆವಾಜ್ ಕಮ್ಮಿ ಮಾಡ್ರಿ, ಕುಕ್ಕರ್ ಸೀಟಿ ಕೇಳವಲ್ದು!"

ಚಪ್ಪಲಿ ಬಿಚ್ಚುತ್ತಿದ್ದ ವೈಶಾಲಿ ಬಾಗಿಲಲ್ಲೇ ನಿಂತುಬಿಟ್ಟಳು. ತಾಯಿಯ ಬಳಿ ಹೋಗಿ, "ಆಯಿ, ತಕರಾರಿಲ್ಲ ಅಂದ್ರ ಏನರ್ಥ?" ಎಂದು ಕೇಳಿದಳು.

"ಅಡ್ಡಿ ಇಲ್ಲ ಅಂತ. ಯಾಕ, ವಕೀಲ್ರಿಗೆ ಗೊತ್ತಿಲ್ಲೇನ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆದರೆ ಇಲ್ಲಿ ಮುತ್ತು ಇನ್ನೂ ಪೂರ್ತಿ ಒಡೆದಿರಲಿಲ್ಲ. ಮರುದಿನ ಸಮಿತಿಯ ಮುಂದೆ ಹೋಗಿ, ನನ್ನಿಂದ ತಪ್ಪಾಯಿತು, ಆಕೆ ಅಂದದ್ದು ಹೀಗಲ್ಲ ಎಂದು ಒಂದು ಅರ್ಜಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ವೈಶಾಲಿ ಅರ್ಜಿ ಬರೆದೂ ಬರೆದಳು. ಅಷ್ಟರಲ್ಲಿ ಪಾರವ್ವ ಆ ಫೈಲನ್ನು ಎದೆಗವಚಿಕೊಂಡು ಅವಳದೇ ಆಫೀಸಿಗೆ ಬಂದಳು, "ನೀವs ನಡಸ್ರಿ" ಎಂದು.

ಈಗ ಪಾರವ್ವ ಅವಳ ಕಕ್ಷಿದಾರಳು. ವಜಾ ಆದ ದಾವೆಯನ್ನು ಮತ್ತೆ ಎಬ್ಬಿಸಬೇಕೆಂದರೆ, ತಪ್ಪು ನನ್ನದು, ಆಕೆಯದಲ್ಲ ಎಂದು ಪ್ರೇಮನಾಥರೇ ಕೋರ್ಟಿಗೆ ಬರೆದುಕೊಡಬೇಕಿತ್ತು. ಅವರು ಕೊಡಲು ಸಿದ್ಧರಿದ್ದರು. ಅಂಥ ಹೊತ್ತಿನಲ್ಲಿ ಅವರ ಮೇಲಿನ ವಿಚಾರಣೆಯನ್ನು ಕೆದಕಿದರೆ? ಯಾರೋ ಬುದ್ಧಿವಂತರು, ಏನೂ ಬರೆದುಕೊಡಬೇಡಿ, ಅದೇ ನಿಮಗೆ ಉರುಳಾಗುತ್ತದೆ ಎಂದು ಅವರಿಗೆ ಹೇಳಿಕೊಟ್ಟರೆ? ಪಾರವ್ವನ ಖೋಲಿ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಖೋಲಿ ಕೈಗೆ ಬರಲಿ, ಆಮೇಲೆ ಅರ್ಜಿ ಕೊಡೋಣ ಎಂದು ವೈಶಾಲಿ ತೀರ್ಮಾನಿಸಿದಳು. ಕಕ್ಷಿದಾರರ ಹಿತವೇ ವಕೀಲರ ಧರ್ಮ ಎಂದು ಅವಳಿಗೆ ಕಲಿಸಿದವರೂ ಪ್ರೇಮನಾಥರೇ. ನಿಜ ಹೇಳಬೇಕೆಂದರೆ ಇದರ ಕೆಳಗೆ ಇನ್ನೊಂದು ಕಾರಣವೂ ಅಡಗಿತ್ತು. ಗುರುವಿನ ಕರಿಕೋಟನ್ನು ತನ್ನ ಕೈಯಿಂದ ಬಿಚ್ಚಿಸುವ ಧೈರ್ಯ ಅವಳಿಗಿರಲಿಲ್ಲ.

ಪ್ರೇಮನಾಥರು ಬರೆದುಕೊಟ್ಟರು. ದಾವೆ ಮತ್ತೆ ಎದ್ದಿತು. ಪಾರವ್ವನ ಹೆಸರು ಪಟ್ಟಿಗೆ ಸೇರಿತು. ಅವಳು ಡಬ್ಬಿ ತುಂಬ ಕರದಂಟು ತಂದು ವೈಶಾಲಿಯ ಟೇಬಲ್ ಮೇಲಿಟ್ಟಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ವೈಶಾಲಿ ನಿಟ್ಟುಸಿರು ಬಿಟ್ಟಳು. ಅರ್ಜಿಯನ್ನು ಮಾತ್ರ ಕೊಡಲಿಲ್ಲ. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ ಏನು ಹೇಳುವುದು? ನಾಳೆ ನೋಡೋಣ ಎಂದಳು. ನಾಳೆ ಎಂದವರ ಮನೆ ಹಾಳು ಎನ್ನುತ್ತಾರೆ. ಇಲ್ಲಿ ಹಾಳಾದದ್ದು ಅವಳ ಮನೆಯಲ್ಲ, ಅದೇ ದುಃಖ.

ಶಂಕರೆಪ್ಪ ವಾಗ್ಳೆ ಎಸ್ಟೇಟಿನ ಒಂದು ಪ್ಯಾಕಿಂಗ್ ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಪಾರವ್ವನಿಗೆ ಊರ ಕಡೆಯಿಂದ ದೂರದ ನೆಂಟ. ಅವನ ಮಗ ರವಿಕಿರಣ್ ಕಲ್ಯಾಣ ಸ್ಟೇಷನ್ ಹೊರಗಿನ ಒಂದು ಹೊಡೆದಾಟದಲ್ಲಿ ಸಿಕ್ಕಿ ಜೈಲು ಸೇರಿದ್ದ. ಹೊಡೆದವನೋ, ಬಿಡಿಸಲು ಹೋದವನೋ, ಅದು ಇನ್ನೂ ತೀರ್ಮಾನವಾಗಿಲ್ಲ. ಶಂಕರೆಪ್ಪ ಕೋರ್ಟಿನ ಅಂಗಳದಲ್ಲಿ ವೈಶಾಲಿಯನ್ನು ತಡೆದು ನಿಲ್ಲಿಸಿದ.

"ಅವ್ವಾರ, ನೀವು ಜಾಗಾದ ಕೇಸ್ ಅಷ್ಟs ಮಾಡ್ತೀರಂತ. ಇದಕ್ಕ ಪ್ರೇಮನಾಥ ವಕೀಲ್ರ ಕಡೆ ಹೋಗ್ಲ್ಯಾ? ಅವರ ಮ್ಯಾಲೆ ಏನೋ ಇತ್ತಂತ, ಖರೇ ಏನ್ರಿ?"

ವಕೀಲರು ವಕೀಲರ ಬಗ್ಗೆ ಹೊರಗಿನವರೆದುರು ಹಗುರವಾಗಿ ಮಾತಾಡಬಾರದು, ಇದು ಆ ವೃತ್ತಿಯ ಶಿಷ್ಟಾಚಾರ. ಶಿಷ್ಟಾಚಾರದಷ್ಟು ಒಳ್ಳೆಯ ಪರದೆ ಬೇರೊಂದಿಲ್ಲ. ವೈಶಾಲಿ ಎಂದಳು: "ದೂರು ಮುಗೀತ್ರಿ. ಸೀನಿಯರ್ ಅದಾರ. ಭಾಳ ಅನುಭವ ಐತಿ."

ಒಂದೊಂದು ಮಾತೂ ನಿಜ. ಶಂಕರೆಪ್ಪ ಅವಳಿಗೆ ಕೈಮುಗಿದು ನೌಪಾಡಾದ ಹಾದಿ ಹಿಡಿದ.

ಪ್ರೇಮನಾಥರು ವಾದಿಸಿದರು, ಚೆನ್ನಾಗಿಯೇ ವಾದಿಸಿದರು. ನಿಂತು ಮಾತಾಡುವಾಗ ಅವರಿಗೆ ಕಾನೂನಿನ ಒಂದು ಅಕ್ಷರವೂ ಮರೆಯುತ್ತಿರಲಿಲ್ಲ. ನ್ಯಾಯಾಧೀಶರು ಬೇಲ್ ಕೊಟ್ಟರು. ಶಂಕರೆಪ್ಪ ಅಂದು ಕೋರ್ಟಿಗೆ ಬಂದಿರಲಿಲ್ಲ. ಇನ್ನು ಜಾಮೀನುದಾರರನ್ನು ಕರೆತಂದು ನಿಲ್ಲಿಸುವುದೊಂದೇ ಬಾಕಿ, ಹುಡುಗ ಮನೆಗೆ ಬರುತ್ತಿದ್ದ. ಕೋರ್ಟಿನ ಮೆಟ್ಟಿಲಿಳಿಯುವಷ್ಟರಲ್ಲಿ ಅದು ಅವರ ತಲೆಯಿಂದ ಹೋಯಿತು. ಶಂಕರೆಪ್ಪ ಫೋನ್ ಮಾಡಿದಾಗಲೆಲ್ಲ ಅದೇ ಪ್ರೀತಿಯ ದನಿ: "ಮುಂದಿನ ತಾರೀಖು ಬಿದ್ದಿದೆ ಶಂಕರೆಪ್ಪ, ಹೆದರ್ಬೇಡಿ." ಅವನು ನಂಬಿದ. ದೀಪಾವಳಿ ಬಂದು ಹೋಯಿತು. ಮೊದಲೇ ಎದೆನೋವಿದ್ದ ಮನುಷ್ಯ ಒಂದು ಬೆಳಿಗ್ಗೆ ಚಹಾ ಲೋಟ ಹಿಡಿದು ಕೂತಲ್ಲೇ ಒರಗಿದ.

ಆ ಸುದ್ದಿ ತಂದವಳು ಪಾರವ್ವ. "ಮಗಾ ಮಣ್ಣಿಗೆ ಬರಲಿಲ್ಲವ್ವಾ," ಎಂದು ವೈಶಾಲಿಯೆದುರು ಕೂತು ಅತ್ತಳು. "ಒಂದ ಹಿಡಿ ಮಣ್ಣ ಹಾಕಾಕ ಬಿಡಲಿಲ್ಲ. ಬೇಲ್ ಸಿಗಲಿಲ್ಲಂತ."

ವೈಶಾಲಿ ಫೋನಿನಲ್ಲಿ ಕೋರ್ಟಿನ ಜಾಲತಾಣ ತೆರೆದು ರವಿಕಿರಣನ ಹೆಸರು ಹಾಕಿ ನೋಡಿದಳು. ಬೇಲ್ ಯಾವಾಗಲೋ ಮಂಜೂರಾಗಿತ್ತು. ತಂದೆ ಬದುಕಿದ್ದ ದಿನಗಳಷ್ಟೂ ಆ ಹುಡುಗ ಮನೆಯಲ್ಲಿರಬಹುದಿತ್ತು. ಅವಳು ಮೇಜಿಗೆ ತಲೆಯಿಟ್ಟಳು. ಪಾರವ್ವ ಅಳು ನಿಲ್ಲಿಸಿ, ನಿಮಗೇನಾತು ಎಂದು ಕೇಳಿದಳು. ಆಗ ವೈಶಾಲಿ ಎಲ್ಲವನ್ನೂ ಹೇಳಿದಳು. ಆ ದಿನದ ಒಂದು ಪದ, ಅಡಿಗೆಮನೆಯಿಂದ ಬಂದ ತಾಯಿಯ ಮಾತು, ಕೊಡದೇ ಉಳಿದ ಅರ್ಜಿ, ಯಾವುದನ್ನೂ ಬಿಡಲಿಲ್ಲ.

ಪಾರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು: "ನನ್ನ ಖೋಲಿ ಉಳೀಲಿ ಅಂತ ಸುಮ್ಮಕಿದ್ರಿ?"

"ಹೌದ್ರಿ."

"ನನ್ನ ಒಂದ ಮಾತು ಕೇಳಬೇಕಿತ್ತಿಲ್ರಿ. ನಾ ಏನ್ ಬ್ಯಾಡ ಅಂತಿದ್ನ್ಯಾ?"

ಸಿಟ್ಟಿಗೆದ್ದು ಬೈದಿದ್ದರೆ ವೈಶಾಲಿಗೆ ಹಗುರವಾಗುತ್ತಿತ್ತು. ಪಾರವ್ವ ಬೈಯಲಿಲ್ಲ. ಹೊರಟು ಹೋದಳು. ಆಮೇಲೆ ಮತ್ತೆ ಆ ಆಫೀಸಿಗೆ ಬಂದಿಲ್ಲ.

ಜಾಮೀನಿಗೆ ವೈಶಾಲಿ ತನ್ನ ತಂದೆಯನ್ನೇ ಕರೆದೊಯ್ದು ನಿಲ್ಲಿಸಿದಳು. ಜೈಲಿನ ಗೇಟಿನಲ್ಲಿ ರವಿಕಿರಣ್ ಗಡ್ಡ ಬಿಟ್ಟುಕೊಂಡು ಹೊರಗೆ ಬಂದ. ಇಲ್ಲೇ ಹುಟ್ಟಿ ಬೆಳೆದ ಹುಡುಗ, ಕನ್ನಡ ತಿಳಿದರೂ ಆಡುವುದು ಹಿಂದಿಯೇ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಪಪ್ಪಾ ಕೋ ಮಾಲೂಮ್ ಥಾ ಕ್ಯಾ, ಮೇರಾ ಬೇಲ್ ಹೋ ಗಯಾ ಥಾ?" ಇಲ್ಲ, ಬೇಲ್ ಆಗಿದ್ದು ತಂದೆಗೆ ಗೊತ್ತೇ ಇರಲಿಲ್ಲ ಎಂದು ವೈಶಾಲಿ ತಲೆಯಾಡಿಸಿದಳು. ಅವನು ಮುಖ ಆಚೆ ತಿರುಗಿಸಿ ಆಟೊ ಹತ್ತಿದ.

ಆ ವಾರವೇ ಅವಳು ಸಮಿತಿಯ ಅಧ್ಯಕ್ಷರನ್ನು ಕಂಡು ತನ್ನ ತಪ್ಪನ್ನು ಬರೆದುಕೊಟ್ಟಳು. ಅವರು ಓದಿ ಕಾಗದವನ್ನು ಮಡಚಿದರು. ಹಳೆಯ ಫೈಲು ಎಬ್ಬಿಸಿದರೆ ವರ್ಷಗಟ್ಟಲೆ ಎಳೆಯುತ್ತದೆ, ಅಷ್ಟೂ ದಿನ ಅವರು ಕೋಟು ಹಾಕಿಕೊಂಡು ಕೋರ್ಟಿಗೆ ಹೋಗುತ್ತಲೇ ಇರುತ್ತಾರೆ, ಅದಕ್ಕಿಂತ ತಾವಾಗಿಯೇ ವಕೀಲಿಯ ಸನದು ಒಪ್ಪಿಸುವಂತೆ ನೀವೇ ಹೋಗಿ ಹೇಳಿ ಎಂದರು. ಮಾಡಿದವಳೇ ಉಣ್ಣಬೇಕಾದ ಅನ್ನವದು.

ಭಾನುವಾರ ಮಧ್ಯಾಹ್ನ ನೌಪಾಡಾದ ಮನೆಯಲ್ಲಿ ಬಾಗಿಲು ತೆರೆದವರು ಪ್ರೇಮನಾಥರ ಹೆಂಡತಿ ಕುಶಲ. ಬಂದ ಕಾರಣವನ್ನು ಮೆಲ್ಲಗೆ ಹೇಳಿದಾಗ ಕುಶಲಕ್ಕ ಅತ್ತರು. "ನನಗೂ ಗೊತ್ತಿತ್ತು ಮಗಾ. ಕೋರ್ಟಿಗೆ ಹೋಗ್ಬೇಡಿ ಅಂದ್ರೆ ಮತ್ತೆ ಎಂತ ಉಳಿತದೆ ಅವರಿಗೆ?" ಎಂದರು.

ಪ್ರೇಮನಾಥರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತಿದ್ದರು. ವೈಶಾಲಿ ಮೊದಲಿನಿಂದ ಹೇಳಿದಳು. ಶಂಕರೆಪ್ಪನ ಮಣ್ಣಿಗೆ ಮಗ ಬರಲಾಗಲಿಲ್ಲ ಎಂಬುದನ್ನೂ ಹೇಳಿದಳು. ಪಾರವ್ವ ಅಂದದ್ದು ತನಗೆ ತಪ್ಪು ತಿಳಿಯಿತು ಎಂದು ಅವಳು ಹೇಳುತ್ತಿದ್ದಂತೆ ಅವರು ತಲೆಯೆತ್ತಿದರು.

"ತಪ್ಪಾ? ನಿನಗೆ ಗೊತ್ತಿರ್ಲಿಲ್ವಾ?"

"ಇಲ್ಲ ಸರ್."

"ನನಗೆ ಆಗ್ಲೇ ಗೊತ್ತಾಯ್ತಲ್ಲ. ಕನ್ನಡವೂ ಬರ್ತದೆ, ಮರಾಠಿಯೂ ಬರ್ತದೆ ನನಗೆ." ಅವರು ನಿಧಾನವಾಗಿ ಪದ ಹುಡುಕುತ್ತಾ ಹೇಳಿದರು. "ನನ್ನನ್ನು ಉಳಿಸ್ಲಿಕ್ಕೆ ನೀನು ಬೇಕಂತ್ಲೇ ಹಾಗೆ ಹೇಳಿದ್ದು ಅಂತ ಅಂದ್ಕೊಂಡೆ. ಎದ್ದು ನಿಂತು, ಇವಳು ಹೇಳಿದ್ದು ಸರಿಯಲ್ಲ ಅಂದ್ರೆ ನಿನ್ನ ಸನದಿಗೇ ಕುತ್ತು. ಅದಕ್ಕೆ ಸುಮ್ಮನೆ ಕೂತೆ. ನನ್ನ ಹುಡುಗಿ ಇಂಥ ಕೆಲಸ ಮಾಡಿದ್ಲಲ್ಲ ಅಂತ ಬೇಜಾರೂ ಆಯ್ತು, ಉಳಿದೆ ಅಂತ ಸಂತೋಷವೂ ಆಯ್ತು. ಅದೊಂದು ಮರೀಲಿಲ್ಲ ನೋಡು."

ವೈಶಾಲಿಗೆ ಅಳು ತಡೆಯಲಾಗಲಿಲ್ಲ. ಅವರವರ ಪ್ರೀತಿಯಲ್ಲಿ ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರು. ಅದಕ್ಕೆ ಬೆಲೆ ತೆತ್ತವನು ಆ ಸಭಾಂಗಣದಲ್ಲಿ ಇರಲೇ ಇಲ್ಲ.

ಸನದು ಒಪ್ಪಿಸುತ್ತೇನೆಂದು ಅವಳು ಬರೆದು ತಂದಿದ್ದ ಕಾಗದವನ್ನು ಪ್ರೇಮನಾಥರು ಪೂರ್ತಿ ಓದಿದರು. ಒಂದು ಕಡೆ ಕಾಗುಣಿತ ತಿದ್ದಿ, ಕೆಳಗೆ ಸಹಿ ಹಾಕಿ, ಅವಳ ತಲೆ ಸವರಿ, "ಅತ್ತದ್ದು ಸಾಕು, ಚಾ ಕುಡಿ" ಎಂದರು. ಅವಳು ಕುಡಿದು, ಕಾಗದವನ್ನು ಚೀಲಕ್ಕೆ ಹಾಕಿ, ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು. ಅವರು ಬಾಗಿಲವರೆಗೂ ಬಂದರು.

"ಹೋಗುವಾಗ ಶಂಕರೆಪ್ಪನಿಗೊಂದು ಫೋನ್ ಮಾಡು ಮಾರಾಯ್ತಿ," ಎಂದರು. "ಮಗನಿಗೆ ಬೇಲ್ ಆಗಿದೆ ಅಂತ ಹೇಳು. ಪಾಪ, ಕಾಯ್ತಾ ಇರ್ತಾನೆ."

ಕುಶಲಕ್ಕ ಗೋಡೆಯ ಕಡೆ ಮುಖ ಮಾಡಿದರು. ವೈಶಾಲಿ ಚಪ್ಪಲಿ ಬಿಚ್ಚಿ ಮತ್ತೆ ಒಳಗೆ ಬಂದು, ಅವರ ಕೈ ಹಿಡಿದು ಕೂರಿಸಿ, ಮೊದಲಿನಿಂದ ಹೇಳತೊಡಗಿದಳು.